ಬಿಲ್ಲೆ ನಿನ್ನದು, ಪೊರೆ ನನ್ನದು

ಮಾರ್ಚ್ ೪

ತಮ್ಮಾ,

ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ, ನನ್ನೊಬ್ಬಳನ್ನು ಬಿಟ್ಟು. ನಾನು ಚೆನ್ನಾಗಿಲ್ಲದಿರುವುದಕ್ಕೆ ಕಾರಣ ನೀನು. ಕ್ಷೇಮ ಸಮಾಚಾರ ಇಷ್ಟೇ ಸಾಕು.

ಇವತ್ತು ಬೆಳಿಗ್ಗೆ ಮೈಕ್ ಕಂಪನಿಯಿಂದ ಪೆಟ್ಟಿಗೆ ಬಂತು. ಹೋದ ತಿಂಗಳು ಕಳಿಸಿದ, ಮೈಕಿನೊಳಗೆ ಧ್ವನಿ ಹಿಡಿಯುವ ಕ್ಯಾಪ್ಸೂಲುಗಳಲ್ಲಿ ಅರ್ಧಕ್ಕರ್ಧ ವಾಪಸ್. ಜೊತೆಗೊಂದು ಚೀಟಿ, ಪೊರೆ ಬಿಲ್ಲೆಗೆ ಅಂಟಿಕೊಳ್ಳುತ್ತಿದೆ, ದಯವಿಟ್ಟು ಗಮನಿಸಿ ಅಂತ. ದಯವಿಟ್ಟು ಅನ್ನುವ ಪದ ಓದಿ ಇನ್ನೂ ಮೈ ಉರಿಯಿತು. ಬೈಯುವುದಾದರೆ ನೆಟ್ಟಗೆ ಬೈಯಬೇಕು. ಈ ಕಂಪನಿ ಯಜಮಾನನಿಗೆ ಅಪ್ಪ ‘ಬೆಣ್ಣೆ’ ಅಂತ ಹೆಸರಿಟ್ಟದ್ದು ಸುಮ್ಮನೆ ಅಲ್ಲ.

ಪೊರೆ ಯಾಕೆ ಅಂಟುತ್ತದೆ ಅಂತ ನಿನಗೆ ನಾನು ಹೇಳಿಕೊಡಬೇಕಾಗಿ ಬಂತಲ್ಲ. ನೀನು ಮಾಡುವ ಹಿತ್ತಾಳೆ ಬಿಲ್ಲೆಯ ಅಂಚು ಅದರ ನಡುಭಾಗಕ್ಕಿಂತ ಅರ್ಧ ಕೂದಲೆಳೆಯಷ್ಟು ಎತ್ತರ ಇರಬೇಕು. ಆ ಅಂಚಿನ ಮೇಲೆ ನಾನು ಎಳೆದು ಬಿಗಿದ ತೆಳು ಪೊರೆ ಕೂರಬೇಕು. ನಡುವೆ ಉಳಿಯುವ ಅಷ್ಟೇ ಅಷ್ಟು ಗಾಳಿಯಲ್ಲಿ ಅದು ಅಲ್ಲಾಡಬೇಕು, ಮನುಷ್ಯರ ಮಾತು ತೆಗೆದುಕೊಳ್ಳಬೇಕು. ವಿದ್ಯುತ್ ಕೊಟ್ಟ ಕೂಡಲೇ ಬಿಲ್ಲೆ ಪೊರೆಯನ್ನು ತನ್ನ ಕಡೆಗೆ ಎಳೆಯುತ್ತದೆ. ಅಂಚು ತಗ್ಗಾಗಿದ್ದರೆ ಪೊರೆ ಹೋಗಿ ಅಪ್ಪಚ್ಚಿಯಾಗಿ ಅಂಟಿಕೊಳ್ಳುತ್ತದೆ, ಮೈಕ್ ಮೂಕವಾಗುತ್ತದೆ. ನಾನು ಅಪ್ಪನ ಕಾಲದಲ್ಲಿ ಹೇಗೆ ಎಳೆಯುತ್ತಿದ್ದೆನೋ ಇವತ್ತಿಗೂ ಹಾಗೇ ಎಳೆಯುತ್ತಿದ್ದೇನೆ. ಅಂದ ಮೇಲೆ ತಪ್ಪು ಎಲ್ಲಿದೆ, ನೀನೇ ಹೇಳು.

ಅಪ್ಪ ಪಾಲು ಮಾಡಿದ ದಿನವೇ ನಾನು ಬೇಡ ಅಂದಿದ್ದೆ. ಲೇತ್, ಡ್ರಿಲ್ಲು, ಉಜ್ಜುವ ಗಾಜಿನ ಹಲಗೆ ಎಲ್ಲ ನಿನಗೆ. ಚಿನ್ನ ಲೇಪಿಸುವ ಯಂತ್ರ, ಪೊರೆ ಎಳೆಯುವ ಚೌಕಟ್ಟು ನನಗೆ. ಹೀಗೆ ಮಾಡಿದರೆ ಮಕ್ಕಳು ಒಬ್ಬರನ್ನೊಬ್ಬರು ಬಿಡಲಾರರು ಅಂತ ಅವರ ಲೆಕ್ಕ. ಜಗತ್ತಿನಲ್ಲಿ ಎಲ್ಲರೂ ಮನೆಯನ್ನು ಇಬ್ಭಾಗ ಮಾಡುತ್ತಾರೆ, ಇವರು ಕ್ಯಾಪ್ಸೂಲನ್ನೇ ಇಬ್ಭಾಗ ಮಾಡಿದರು. ನೀನು ಆ ಊರಿನಲ್ಲಿ ಕೂತು ಬೇಜವಾಬ್ದಾರಿ ಮಾಡಿದರೆ ನಾನು ಈ ಊರಿನಲ್ಲಿ ಕೂತು ತಲೆ ತಗ್ಗಿಸಬೇಕು.

ಅಂಚು ಅಳೆದು ನೋಡಿ ಬರೆ. ಮಕ್ಕಳಿಗೆ ಮುದ್ದು. ನಿನಗೆ ಇಲ್ಲ.

ಅಕ್ಕ


ಮಾರ್ಚ್ ೧೩

ಅಕ್ಕಾ,

ನಿನ್ನ ಕಾಗದವನ್ನು ಊಟಕ್ಕೆ ಮುಂಚೆ ಓದಿದ್ದು ತಪ್ಪಾಯಿತು. ಇವಳು ಬಡಿಸಿದ್ದು ಹಾಗೇ ಇತ್ತು. ಕೊನೆಗೆ ಇವಳೇ ಕಾಗದ ಕಸಿದುಕೊಂಡು ಓದಿ, ‘ನಿಮ್ಮಕ್ಕ ಬರೆಯೋದಲ್ಲ, ಬಾರಿಸೋದು’ ಅಂದಳು.

ಬಿಲ್ಲೆ ಅಂದರೆ ತೂತು ಕೊರೆದ ನಾಣ್ಯ ಅಂದುಕೊಂಡಿದ್ದೀಯ ನೀನು. ಗಾಜಿನ ಹಲಗೆಯ ಮೇಲೆ ಪುಡಿ ಹಾಕಿ ಒಂದೊಂದು ಬಿಲ್ಲೆಯನ್ನೂ ಕೈಯಲ್ಲೇ ಉಜ್ಜುತ್ತೇನೆ. ಕಿಟಕಿಯ ಸರಳು ಅದರಲ್ಲಿ ನೆಟ್ಟಗೆ ಕಾಣಬೇಕು, ಸ್ವಲ್ಪ ಬಾಗಿ ಕಂಡರೂ ಮತ್ತೆ ಮೊದಲಿಂದ. ಆಮೇಲೆ ತೂತು. ಕೆಲವು ಆಚೆಗೆ ಹಾದುಹೋಗುವಂಥವು, ಕೆಲವು ಅರ್ಧಕ್ಕೇ ನಿಲ್ಲುವಂಥವು. ಪೊರೆಯ ಹಿಂದಿನ ಗಾಳಿಗೆ ಓಡಾಡಲು ಎಷ್ಟು ಜಾಗ ಬೇಕೋ ಅಷ್ಟೇ ಕೊಡಬೇಕು, ಹೆಚ್ಚು ಕೊಟ್ಟರೆ ಧ್ವನಿ ಕಿರುಚುತ್ತದೆ, ಕಡಿಮೆ ಕೊಟ್ಟರೆ ಕಂಬಳಿ ಹೊದ್ದು ಮಾತಾಡಿದ ಹಾಗೆ ಕೇಳುತ್ತದೆ. ಇಷ್ಟೆಲ್ಲ ಮಾಡುವವನು ಅಂಚಿನಲ್ಲಿ ಮೋಸ ಮಾಡುತ್ತಾನಾ?

ನನಗೂ ಚೀಟಿ ಬಂದಿದೆ. ನಿನಗೊಬ್ಬಳಿಗೇ ಅವಮಾನ ಆಗಿದ್ದು ಅಂದುಕೊಳ್ಳಬೇಡ. ಧ್ವನಿ ಸೊರಗಿದೆ, ತೆಳ್ಳಗಿದೆ, ಎದೆಯಿಂದ ಬರುತ್ತಿಲ್ಲ ಅಂತ ಬರೆದಿದ್ದಾರೆ. ಧ್ವನಿ ಸೊರಗುವುದು ಯಾವಾಗ? ಪೊರೆ ಬಿಗಿಯಾದಾಗ. ಹಗ್ಗದ ಹಾಗೆ ಎಳೆದು ಕೂರಿಸಿದರೆ ಪಾಪ ಅದು ಅಲ್ಲಾಡುವುದಾದರೂ ಹೇಗೆ? ನಿನ್ನ ಕೈ ಬಲ ನನಗೆ ಚಿಕ್ಕಂದಿನಿಂದ ಗೊತ್ತು, ನನ್ನ ಕಿವಿ ಅದಕ್ಕೆ ಸಾಕ್ಷಿ.

ಇನ್ನು ಅಂಟುವ ವಿಷಯ. ಭಾವನ ಬೆಕ್ಕು ಈಗಲೂ ಕೆಲಸದ ಕೋಣೆಯ ಹೊಸ್ತಿಲಲ್ಲಿ ಮಲಗುತ್ತದೆಯಾ? ಒಂದು ಕೂದಲು ಒಳಗೆ ಹೋದರೆ ಸಾಕು. ಕೇಳಿದೆ ಅಷ್ಟೆ.

ನನ್ನ ಅಂಚು ಅಪ್ಪ ಕೊಟ್ಟ ಅಳತೆಯಲ್ಲೇ ಇದೆ. ನಲವತ್ತು ಮೈಕ್ರಾನ್. ಇನ್ನೊಮ್ಮೆ ಕೇಳಬೇಡ.

ಊಟ ತಪ್ಪಿಸಿಕೊಂಡ ನಿನ್ನ ತಮ್ಮ


ಮಾರ್ಚ್ ೨೧

ತಮ್ಮಾ,

ಬೆಕ್ಕನ್ನು ಯಾಕೆ ಎಳೆದು ತಂದೆ? ಅದಕ್ಕೆ ಬರೆಯಲು ಬರುವುದಿಲ್ಲ ಅಂತಲಾ?

ನನ್ನ ಕೋಣೆ ಹೇಗಿದೆ ಅಂತ ನಿನಗೆ ಗೊತ್ತಿಲ್ಲ, ಬಂದು ನೋಡಿದ್ದರೆ ತಾನೇ. ಒಳಗೆ ಹೋಗುವ ಮುಂಚೆ ನೆಲ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ, ತಲೆಗೆ ಬಟ್ಟೆ ಕಟ್ಟುತ್ತೇನೆ, ಬಾಯಿಗೂ ಕಟ್ಟುತ್ತೇನೆ. ಫ್ಯಾನ್ ಇಲ್ಲ. ಮಾತಿಲ್ಲ. ಮಾತಾಡಿದರೆ ಎಂಜಲಿನ ಹನಿ ಪೊರೆಯ ಮೇಲೆ ಬೀಳುತ್ತದೆ. ನಿಮ್ಮ ಭಾವ ಏನಾದರೂ ಕೇಳಬೇಕಿದ್ದರೆ ಬಾಗಿಲಿನ ಗಾಜಿಗೆ ಚೀಟಿ ಒತ್ತಿ ಹಿಡಿಯುತ್ತಾರೆ. ‘ಸೋಪು ಎಲ್ಲಿ?’ ಅಂತ ಇಷ್ಟು ದೊಡ್ಡ ಅಕ್ಷರದಲ್ಲಿ. ನಾನು ಕಣ್ಣಲ್ಲೇ ಬೈಯುತ್ತೇನೆ, ಅವರು ಹೋಗುತ್ತಾರೆ. ನಮ್ಮ ಸಂಸಾರದಲ್ಲಿ ಅತಿ ಶಾಂತವಾದ ಹೊತ್ತು ಅದೇ.

ಪೊರೆ ಕೂದಲಿನ ಹತ್ತನೇ ಒಂದು ಪಾಲು ದಪ್ಪ. ಅದಕ್ಕೆ ಚಿನ್ನದ ಆವಿ ಹಿಡಿಸಿ, ಚೌಕಟ್ಟಿಗೆ ಹಾಕಿ, ಸುತ್ತಲೂ ತಿರುಪನ್ನು ಎದುರುಬದುರಾಗಿ ತಿರುಗಿಸುತ್ತಾ ಬರಬೇಕು. ಪಕ್ಕದ ಸ್ಪೀಕರಿನಲ್ಲಿ ಸ್ವರ ಏರಿಸುತ್ತಾ ಹೋದರೆ ಒಂದು ಸ್ವರಕ್ಕೆ ಪೊರೆ ನಡುಗುತ್ತದೆ, ಚಿನ್ನದ ಮೇಲಿನ ಬೆಳಕು ಕದಡುತ್ತದೆ. ಅಪ್ಪ ಹೇಳಿದ ಸ್ವರಕ್ಕೇ ನಡುಗಬೇಕು. ನನ್ನದು ನಡುಗುತ್ತದೆ. ಬಿಗಿ ಅಂತೆ, ಹಗ್ಗ ಅಂತೆ.

ಇದಿಷ್ಟು ಹೊಟ್ಟೆಗೆ ಹಾಕಿಕೊಳ್ಳುತ್ತಿದ್ದೆ. ಆದರೆ ನಿನ್ನೆ ಬೆಣ್ಣೆ ಫೋನ್ ಮಾಡಿದ್ದ. ಅಷ್ಟು ಹೊತ್ತು ಬೆಣ್ಣೆ ಹಚ್ಚಿ ಕೊನೆಗೆ ಏನಂದ ಗೊತ್ತಾ? ‘ನಿಮ್ಮ ತಮ್ಮನವರೇ ಹೇಳಿದ್ರು, ಅಕ್ಕ ಈಚೆಗೆ ಬಿಗಿ ಎಳೀತಾರೆ, ನಾನೇನು ಮಾಡ್ಲಿ ಅಂತ.’ ನನ್ನ ಹತ್ತಿರ ಜಗಳ ಆಡು, ಬೇಕಾದಷ್ಟು ಆಡು. ಹೊರಗಿನವನ ಮುಂದೆ ನನ್ನ ಕೆಲಸದ ಬಗ್ಗೆ ದೂರುವುದಕ್ಕೆ ನಿನಗೆ ಬಾಯಾದರೂ ಹೇಗೆ ಬಂತು?

ಇದಕ್ಕೆ ಉತ್ತರ ಬೇಕು. ಬೆಕ್ಕಿನ ಬಗ್ಗೆ ಬೇಡ.

ಅಕ್ಕ


ಏಪ್ರಿಲ್ ೨

ಅಕ್ಕಾ,

ಉತ್ತರ ಕೇಳಿದ್ದೀಯ, ತಗೋ.

‘ಬಿಲ್ಲೆಯ ಅಂಚೇ ತಗ್ಗಾಗಿದೆ ಅನ್ನಿಸುತ್ತೆ, ನನ್ನ ತಮ್ಮನಿಗೆ ಈಚೆಗೆ ಕೆಲಸದ ಮೇಲೆ ಗಮನ ಕಮ್ಮಿ.’ ಇದು ಯಾರು ಹೇಳಿದ್ದು? ಹೋದ ವರ್ಷವೇ ಹೇಳಿದ್ದು. ಬೆಣ್ಣೆ ನನಗೆ ಅಕ್ಷರ ಬಿಡದೆ ಒಪ್ಪಿಸಿದ. ಎದುರಿಗೆ ಬಂದು ಒಪ್ಪಿಸಿದ, ಅವನ ಜೊತೆ ಬಂದವರೂ ಕೇಳಿಸಿಕೊಂಡರು. ನಾನು ಇಷ್ಟು ದಿನ ಅದನ್ನು ನಿನಗೆ ಬರೆಯಲಿಲ್ಲ. ನೀನು ಒಂದೇ ಒಂದು ಸಲ ಕೇಳಿಸಿಕೊಂಡು ಆಕಾಶ ತಲೆ ಮೇಲೆ ಬಿದ್ದ ಹಾಗೆ ಬರೆದಿದ್ದೀಯ.

ಈ ತಿಂಗಳು ಬಿಲ್ಲೆ ಕಳಿಸುವುದು ತಡವಾಗುತ್ತದೆ. ಬೇರೆ ಕೆಲಸ ಇದೆ.

ತಮ್ಮ


ಮೇ ೯

ಶ್ರೀಯುತರೇ,

ನಿಮ್ಮ ಬೇರೆ ಕೆಲಸ ಏನೆಂದು ನನಗೆ ಈಗ ತಿಳಿಯಿತು.

ಕಂಪನಿಯ ಯಜಮಾನರು ನನಗೆ ಒಂದು ಕ್ಯಾಪ್ಸೂಲು ಕಳಿಸಿಕೊಟ್ಟಿದ್ದಾರೆ. ಇದನ್ನು ನೋಡಿ, ಇನ್ನು ಮುಂದೆ ಪೊರೆ ಹೀಗಿರಲಿ ಎಂದು ಬರೆದಿದ್ದಾರೆ. ಪೊರೆ ಯಂತ್ರದಲ್ಲಿ ಎಳೆದದ್ದು. ಚಿನ್ನವನ್ನು ಕೊನೆಯ ಅಂಚಿನವರೆಗೂ ಬಳಿದಿದ್ದಾರೆ, ಸುತ್ತ ಬರಿದು ಬಿಡಬೇಕು ಎಂಬ ತಿಳಿವಳಿಕೆಯೂ ಇಲ್ಲ. ಅದು ಬೇರೆಯವರ ಕೆಲಸ, ಅವರ ಹಣೆಬರಹ. ನಾನು ಭೂತಗನ್ನಡಿ ಹಿಡಿದು ಕೆಳಗಿನ ಬಿಲ್ಲೆ ನೋಡಿದೆ.

ತೂತಿನ ಬಾಯಿಯನ್ನು ಮರದ ಕಡ್ಡಿಯಿಂದ ಒಂದೊಂದಾಗಿ ಸವರಿ ನುಣ್ಣಗೆ ಮಾಡುವವರು ಈ ಕಸುಬಿನಲ್ಲಿ ಒಬ್ಬರೇ ಇದ್ದಾರೆ. ಅಷ್ಟು ಚೆಂದದ ಬಿಲ್ಲೆಯನ್ನು ಬೇರೆ ಯಾರೂ ಮಾಡುವುದಿಲ್ಲ. ಆದ್ದರಿಂದ ಯಾರದು ಎಂದು ಕೇಳುವ ಅಗತ್ಯ ಬೀಳಲಿಲ್ಲ.

ನಾನು ಇಲ್ಲಿ ಬಿಲ್ಲೆ ಬರುತ್ತದೆ, ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ಅಂಚೆಯವನ ದಾರಿ ನೋಡುತ್ತಿದ್ದೆ. ಎಳೆದ ಪೊರೆಗಳು ಚೌಕಟ್ಟಿನಲ್ಲೇ ಕಾಯುತ್ತಿವೆ. ನಿಮ್ಮ ಭಾವ ದಿನಾ ಗಾಜಿಗೆ ಚೀಟಿ ಹಿಡಿಯುತ್ತಾರೆ, ‘ಬಂತಾ?’ ಎಂದು. ಆ ಹೊತ್ತಿನಲ್ಲಿ ನೀವು ನಿಮ್ಮ ಕೈಯಾರೆ, ನಿಮ್ಮ ಬಿಲ್ಲೆಯ ಮೇಲೆ, ಬೇರೆಯವರ ಪೊರೆ ಕೂರಿಸುತ್ತಿದ್ದಿರಿ. ನನಗೆ ಅಳು ಬಂತು ಎಂದು ಬರೆಯುವುದಿಲ್ಲ. ಬಂದಿತ್ತು, ಆದರೆ ಬರೆಯುವುದಿಲ್ಲ.

ಕ್ಯಾಪ್ಸೂಲನ್ನು ಪರೀಕ್ಷಿಸುವ ಗೋಜಿಗೂ ನಾನು ಹೋಗಿಲ್ಲ. ನಿಮಗೆ ಒಳ್ಳೆಯದಾಗಲಿ. ನನ್ನ ಚೌಕಟ್ಟು, ಯಂತ್ರ ಎರಡನ್ನೂ ಮಾರಿಬಿಡುವ ಯೋಚನೆಯಲ್ಲಿದ್ದೇನೆ. ಕೊಳ್ಳುವವರು ಸಿಕ್ಕರೆ ತಿಳಿಸುವ ಕಷ್ಟ ತೆಗೆದುಕೊಳ್ಳಬೇಡಿ.

ಇತಿ,
ಪೊರೆ ಎಳೆಯುವವಳು


ಮೇ ೧೭

ಅಕ್ಕಾ,

ನನ್ನನ್ನು ‘ನೀವು’ ಅಂದುಬಿಟ್ಟೆ. ಒದ್ದಿದ್ದರೂ ಇಷ್ಟು ನೋಯುತ್ತಿರಲಿಲ್ಲ. ಇವಳಿಗೆ ಕಾಗದ ತೋರಿಸಲಿಲ್ಲ.

ಹೌದು, ಕೂರಿಸಿದೆ. ಬೆಣ್ಣೆ ತಾನೇ ಬಂದು ಒಂದು ಡಬ್ಬಿ ಪೊರೆ ಕೊಟ್ಟು ಹೋದ. ಸುಮ್ಮನೆ ಹಾಕಿ ನೋಡಿ, ಅಕ್ಕನವರಿಗೂ ವಯಸ್ಸಾಯ್ತು ಅಂದ. ನನಗೆ ನಿನ್ನ ಮೇಲೆ ಸಿಟ್ಟಿತ್ತು. ಗಮನ ಕಮ್ಮಿ ಅಂದವಳಿಗೆ ಬುದ್ಧಿ ಕಲಿಸಬೇಕು ಅನ್ನಿಸಿತು. ಹಾಕಿದೆ. ಈಗ ಮುಂದಿನದನ್ನು ಓದು, ಕಾಗದ ಹರಿಯಬೇಡ.

ಅಂಟಿತು. ಅರವತ್ತು ವೋಲ್ಟ್ ಕೊಟ್ಟ ತಕ್ಷಣ ಅಂಟಿತು. ಇನ್ನೊಂದು ಹಾಕಿದೆ, ಅದೂ ಅಂಟಿತು. ಡಬ್ಬಿಯಲ್ಲಿದ್ದ ಅಷ್ಟನ್ನೂ ಹಾಳು ಮಾಡಿದೆ. ಮೊದಲು ಕೂರಿಸಿದ ಒಂದನ್ನು ಪರೀಕ್ಷಿಸುವ ಮುಂಚೆಯೇ ಬೆಣ್ಣೆ ಮತ್ತೆ ಬಂದು ಜೇಬಿಗೆ ಹಾಕಿಕೊಂಡು ಹೋಗಿದ್ದ, ನಿನಗೆ ಬಂದಿರುವುದು ಅದೇ. ವಿದ್ಯುತ್ ಕೊಟ್ಟು ನೋಡು, ಅದೂ ಅಂಟುತ್ತದೆ. ಕೊನೆಯ ಕೆಲವನ್ನು ಹಾಕುವ ಮುಂಚೆ ಅವುಗಳ ಬಿಗಿ ಎಷ್ಟು ಅಂತ ಸ್ಪೀಕರ್ ಇಟ್ಟು ನೋಡಿದ್ದೆ. ಅಪ್ಪನ ಸ್ವರಕ್ಕೇ ನಡುಗಿದವು, ಒಂಚೂರೂ ಆಚೀಚೆ ಇಲ್ಲ.

ಅಕ್ಕಾ, ಅಪ್ಪನ ಬಿಗಿಯಲ್ಲಿರುವ ಪೊರೆ ನನ್ನ ಬಿಲ್ಲೆಯ ಮೇಲೆ ನಿಲ್ಲುವುದೇ ಇಲ್ಲ. ಆದರೆ ನಿನ್ನ ಪೊರೆಗಳಲ್ಲಿ ಅರ್ಧವಾದರೂ ನಿಂತಿದ್ದವು. ಹೇಗೆ ನಿಂತವು?

ನನ್ನ ಅಂಚು ನಲವತ್ತಿಲ್ಲ. ಈಗ ಮೂವತ್ತಮೂರಿದೆ. ಇಷ್ಟು ದಿನ ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ. ಧ್ವನಿ ಸೊರಗಿದೆ, ಸೊರಗಿದೆ ಅಂತ ಅವನು ಪ್ರಾಣ ತಿನ್ನುತ್ತಿದ್ದ. ಅಕ್ಕನಿಗೆ ಹೇಳಿದರೆ ರಂಪ ಮಾಡುತ್ತಾಳೆ, ನಾನೇ ಪೊರೆಯನ್ನು ಬಿಲ್ಲೆಗೆ ಸ್ವಲ್ಪ ಹತ್ತಿರ ತಂದರೆ ಧ್ವನಿ ತುಂಬಿ ಬರುತ್ತದೆ ಅಂತ ಅಂಚನ್ನು ಸ್ವಲ್ಪ ತೆಗೆದೆ. ಮತ್ತೆ ದೂರು ಬಂತು, ಮತ್ತೆ ಸ್ವಲ್ಪ ತೆಗೆದೆ. ನಿನ್ನ ತಪ್ಪನ್ನು ನಿನಗೆ ಗೊತ್ತಾಗದ ಹಾಗೆ ಮುಚ್ಚುತ್ತಿದ್ದೇನೆ ಅಂತ ನನಗೆ ಒಳಗೊಳಗೇ ಹೆಮ್ಮೆ ಬೇರೆ.

ನನ್ನನ್ನು ಬೈಯುವ ಮುಂಚೆ ನೀನೂ ಒಂದು ಮಾತಿಗೆ ಉತ್ತರ ಕೊಡು. ಅಪ್ಪನ ಸ್ವರಕ್ಕಿಂತ ಎಷ್ಟು ಮೇಲೆ ಎಳೆಯುತ್ತಿದ್ದೀಯ? ಎಳೆಯುತ್ತಿಲ್ಲ ಅಂತ ಮಾತ್ರ ಬರೆಯಬೇಡ. ಸುಳ್ಳು ಹೇಳುವುದು ನಮ್ಮಿಬ್ಬರಿಗೂ ಬರುವುದಿಲ್ಲ, ನೋಡಿದೆಯಲ್ಲ ಏನಾಯಿತು ಅಂತ.

ತಮ್ಮ. ಶ್ರೀಯುತ ಅಲ್ಲ.


ಮೇ ೨೫

ತಮ್ಮಾ,

ವಿದ್ಯುತ್ ಕೊಟ್ಟು ನೋಡಿದೆ. ಅಂಟಿತು.

ಎರಡು ಸ್ವರ ಮೇಲೆ ಎಳೆಯುತ್ತಿದ್ದೇನೆ. ಇನ್ನೇನು ಮಾಡಬೇಕಿತ್ತು ನಾನು? ಅಂಟುತ್ತದೆ, ಅಂಟುತ್ತದೆ ಅಂತ ಚೀಟಿಯ ಮೇಲೆ ಚೀಟಿ. ತಮ್ಮನಿಗೆ ಎರಡು ಮಕ್ಕಳು, ಹೊಸ ಬಾಡಿಗೆ ಮನೆ, ಏನೋ ತಲೆ ಕೆಟ್ಟು ಅಂಚು ತಪ್ಪುತ್ತಿರಬೇಕು, ನಾನೇ ಒಂದು ಸುತ್ತು ಬಿಗಿ ಮಾಡಿದರೆ ಪೊರೆ ನಿಲ್ಲುತ್ತದೆ, ಅವನಿಗೆ ಗೊತ್ತಾಗುವುದೂ ಬೇಡ ಅಂದುಕೊಂಡೆ. ಬಿಗಿ ಮಾಡಿದೆ. ಮತ್ತೆ ಅಂಟಿತು, ಮತ್ತೆ ಬಿಗಿ ಮಾಡಿದೆ. ಹೀಗೇ ಹೋಗಿದ್ದರೆ ಒಂದು ದಿನ ಪೊರೆ ಹರಿದು ನನ್ನ ಮುಖಕ್ಕೇ ಹೊಡೆಯುತ್ತಿತ್ತು.

ಅಂದರೆ ನಾನು ಬಿಗಿ ಮಾಡಿದಷ್ಟೂ ನೀನು ಹತ್ತಿರ ತಂದೆ, ನೀನು ಹತ್ತಿರ ತಂದಷ್ಟೂ ನಾನು ಬಿಗಿ ಮಾಡಿದೆ. ಇಬ್ಬರೂ ಕಾಗದದಲ್ಲಿ ಮಾತ್ರ ಅಪ್ಪನ ಅಳತೆ, ಅಪ್ಪನ ಸ್ವರ ಅಂತ ಬರೆಯುತ್ತಾ ಬಂದೆವು. ನಿನ್ನೆಯಿಂದ ನನಗೆ ನಗಬೇಕೋ ಹಲ್ಲು ಕಡಿಯಬೇಕೋ ತಿಳಿಯುತ್ತಿಲ್ಲ. ಹಲ್ಲು ಕಡಿಯುತ್ತಿದ್ದೇನೆ. ನಿನ್ನ ಮೇಲೆ ಅರ್ಧ, ನನ್ನ ಮೇಲೆ ಅರ್ಧ.

ಬೆಣ್ಣೆ ನಿನಗೆ ಪೊರೆ ತಂದುಕೊಟ್ಟ ಹಾಗೆ ನನಗೂ ಬೇರೆ ಯಾರದೋ ಬಿಲ್ಲೆಗಳನ್ನು ಕಳಿಸಿದ್ದ. ಡಬ್ಬಿಯ ಮುಚ್ಚಳ ತೆಗೆಯಲಿಲ್ಲ. ಇದನ್ನು ನನ್ನ ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ತೆಗೆಯಬೇಕು ಅಂತ ಸುಮಾರು ಸಲ ಅನ್ನಿಸಿತ್ತು.

ಆದರೆ ಒಂದು ಮಾತು. ಇದು ಶುರುವಾದದ್ದು ಎಲ್ಲಿಂದ? ಮೊದಲನೇ ಸಲ ಅಂಟಿತು ಅಂತ ಚೀಟಿ ಬಂದಾಗ ನಾನು ತಿರುಪು ಮುಟ್ಟಿರಲಿಲ್ಲ. ನೀನೂ ಆಗ ಅಂಚು ತೆಗೆದಿರಲಿಲ್ಲ, ಯಾಕೆಂದರೆ ಧ್ವನಿ ಸೊರಗಿದ ದೂರು ಬಂದದ್ದು ನಾನು ಬಿಗಿ ಮಾಡಿದ ಮೇಲೆ. ಬಿಲ್ಲೆ ಸರಿ, ಪೊರೆ ಸರಿ, ಆದರೂ ಅಂಟಿತು ಅಂದರೆ ಉಳಿದದ್ದು ಇನ್ನೊಂದೇ. ನನ್ನ ಮೇಜಿನ ಮೇಲೂ ಅರವತ್ತು ವೋಲ್ಟ್, ನಿನ್ನ ಮೇಜಿನ ಮೇಲೂ ಅರವತ್ತು ವೋಲ್ಟ್. ಅವರ ಮೈಕಿನೊಳಗೆ ಎಷ್ಟು?

ನಿನ್ನ ಊರಿನಿಂದ ಕಂಪನಿ ಹತ್ತಿರ. ಮೀಟರ್ ತೆಗೆದುಕೊಂಡು ಹೋಗು. ಫೋನಿನಲ್ಲಿ ಕೇಳಬೇಡ, ಬೆಣ್ಣೆ ಹಚ್ಚುತ್ತಾನೆ. ನೀನೇ ಅಳೆ.

ಅಕ್ಕ


ಜೂನ್ ೬

ಅಕ್ಕಾ,

ಹೋಗಿ ಬಂದೆ.

ಮುಂದಿನ ಕೋಣೆಯಲ್ಲಿ ಗಾಜಿನ ಕಪಾಟು ಮಾಡಿಸಿದ್ದಾನೆ. ದೀಪ ಹಾಕಿ ಮೈಕುಗಳನ್ನು ಒಡವೆಯ ಹಾಗೆ ಜೋಡಿಸಿದ್ದಾನೆ. ಹಿಂದಿನ ಕೋಣೆಯಲ್ಲಿ ಬೆಸುಗೆ ಹಾಕುವ ಹೆಂಗಸರು ಒಬ್ಬರಿಗೊಬ್ಬರು ಮೊಣಕೈ ತಾಗಿಸಿಕೊಂಡು ಕೂತಿದ್ದರು. ಅವರಲ್ಲೊಬ್ಬರು ನನ್ನನ್ನು ಗುರುತು ಹಿಡಿದು ಸ್ಟೂಲು ಕೊಟ್ಟರು. ಆಗತಾನೇ ಜೋಡಿಸಿದ ಮೈಕ್ ಬಿಚ್ಚಿಸಿ ವಿದ್ಯುತ್ ಬರುವ ಕಡೆ ಮೀಟರ್ ಇಟ್ಟೆ.

ಎಂಬತ್ತು.

ಇನ್ನೊಂದು ಬಿಚ್ಚಿಸಿದೆ. ಎಂಬತ್ತು. ಅಷ್ಟರಲ್ಲಿ ಬೆಣ್ಣೆ ಬಂದ. ನಾನು ಮೀಟರ್ ತೋರಿಸಿದೆ. ಅವನ ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. ‘ಓ ಅದಾ? ಹೋದ ವರ್ಷನೇ ಏರಿಸಿದ್ವಿ. ಇನ್ನೂ ಜೋರಾಗಿ ಬರ್ಬೇಕು ಅಂತಾರೆ ಜನ. ನಿಮಗೆ ಹೇಳೋ ಅಷ್ಟು ದೊಡ್ಡ ವಿಷ್ಯ ಅನ್ನಿಸ್ಲಿಲ್ಲ’ ಅಂದ.

ನಾನು ಕೇಳಿದೆ, ‘ನಮ್ಮಕ್ಕ ನನ್ನ ಬಗ್ಗೆ ಅಂದಿದ್ದು ನನಗೆ ಹೇಳೋ ಅಷ್ಟು ದೊಡ್ಡ ವಿಷ್ಯ ಆಗಿತ್ತಾ?’

ಅವನು ಕಾಫಿ ತರಿಸಿದ, ನಾನು ಮುಟ್ಟಲಿಲ್ಲ. ಬೆಸುಗೆಯ ಹೆಂಗಸರೆಲ್ಲ ಕೈ ನಿಲ್ಲಿಸಿ ಕೂತಿದ್ದರು. ಒಂದು ವರ್ಷ, ಅಕ್ಕಾ. ಒಂದು ವರ್ಷದಿಂದ ನಿನ್ನ ಕಿವಿಯಲ್ಲಿ ನನ್ನ ಮಾತು, ನನ್ನ ಕಿವಿಯಲ್ಲಿ ನಿನ್ನ ಮಾತು ಊದಿದ. ತನ್ನ ಕೈಯಲ್ಲಿ ತಿರುಗಿಸಿದ ಗುಂಡಿಯ ಬಗ್ಗೆ ಮಾತ್ರ ಉಸಿರೆತ್ತಲಿಲ್ಲ. ನಾವು ಅಂಟಿಕೊಂಡ ಪೊರೆಗೆ ಒಬ್ಬರನ್ನೊಬ್ಬರು ಹೊಣೆ ಮಾಡಿ ಬೈದುಕೊಂಡು ಸಾಯುತ್ತಿದ್ದೆವು.

ಹೊರಡುವಾಗ ಅವನು ಹೆಗಲ ಮೇಲೆ ಕೈ ಹಾಕಿ ಅಂದದ್ದನ್ನು ಹಾಗೇ ಬರೆಯುತ್ತೇನೆ. ‘ನೋಡಿ, ಇಬ್ರ ತಕರಾರು ನನಗೂ ಸಾಕಾಗಿದೆ. ಇನ್ನು ಮುಂದೆ ನಿಮ್ಮಿಬ್ರಲ್ಲಿ ಒಬ್ರು ಸಾಕು ನನಗೆ. ಇನ್ನರ್ಧ ಹೊರಗಡೆಯಿಂದ ತರಿಸ್ತೀನಿ. ಯಾರು ಇರೋದು, ಯಾರು ಬಿಡೋದು ಅಂತ ನೀವೇ ಮನೇಲಿ ಮಾತಾಡ್ಕೊಳ್ಳಿ.’

ನಮ್ಮ ಹತ್ತಿರವೇ ಆರಿಸಿಕೊಳ್ಳಿ ಅನ್ನುತ್ತಾನಲ್ಲ. ಹೆಗಲ ಮೇಲಿನ ಕೈ ತೆಗೆದು ಬಂದುಬಿಟ್ಟೆ. ನಿನ್ನನ್ನು ಕೇಳದೆ ಏನೂ ಹೇಳಲಿಲ್ಲ. ನಿನಗೆ ಗೊತ್ತಿರುವ ಹಾಗೆ ನಮಗೆ ದೊಡ್ಡ ಗಿರಾಕಿ ಅವನೊಬ್ಬನೇ. ಅವನು ಬಿಟ್ಟರೆ ಹಳೆಯ ಮೈಕ್ ರಿಪೇರಿ ಮಾಡುವವರು ಅಲ್ಲೊಂದು ಇಲ್ಲೊಂದು ಕೇಳುತ್ತಾರೆ ಅಷ್ಟೆ. ಇಬ್ಬರಲ್ಲಿ ಒಬ್ಬರಿಗಾದರೂ ಕೆಲಸ ಉಳಿಯಲಿ ಅಂತಿದ್ದರೆ ನೀನು ಇರು. ನಾನು ಲೇತ್ ಇಟ್ಟುಕೊಂಡು ಬೇರೆ ಏನಾದರೂ ಕಡೆದುಕೊಳ್ಳುತ್ತೇನೆ. ಪೊರೆ ಎಳೆಯುವ ಚೌಕಟ್ಟಿನಿಂದ ಬೇರೇನೂ ಮಾಡಲು ಬರುವುದಿಲ್ಲ.

ಇದನ್ನು ತ್ಯಾಗ ಅಂತ ತಿಳಿಯಬೇಡ. ನನಗೆ ಕೆಟ್ಟ ಸಿಟ್ಟು ಬಂದಿದೆ.

ತಮ್ಮ


ಜೂನ್ ೧೪

ತಮ್ಮಾ,

ತ್ಯಾಗ ಮಾಡಲು ನಿನ್ನನ್ನು ಯಾರು ಕೇಳಿದರು? ನನ್ನ ಬದಲು ಯೋಚನೆ ಮಾಡುವ ಚಾಳಿ ಬಿಡು. ಅಂಚು ತೆಗೆದದ್ದೂ ಇದೇ ಚಾಳಿಯಿಂದ. ನನ್ನದೂ ಅದೇ ಚಾಳಿ ಅಂತ ನಿಮ್ಮ ಭಾವ ಗಾಜಿಗೆ ಚೀಟಿ ಹಿಡಿದರು. ಅವರಿಗೆ ಆಮೇಲೆ ಮಾಡುತ್ತೇನೆ.

ಅವನಿಗೆ ನಾನು ಬರೆದದ್ದರ ನಕಲು ಇಲ್ಲಿದೆ. ನಿನ್ನನ್ನು ಕೇಳದೆ ಅಂಚೆಗೆ ಹಾಕಿಲ್ಲ. ಒಪ್ಪಿಗೆ ಇದ್ದರೆ ಒಂದು ಗೆರೆ ಬರೆ, ಹಾಕುತ್ತೇನೆ. ಇಲ್ಲದಿದ್ದರೆ ತಿದ್ದು.

‘ಯಜಮಾನರಿಗೆ,

ಎಂಬತ್ತು ವೋಲ್ಟ್ ಬೇಕಿದ್ದರೆ ಎಂಬತ್ತಕ್ಕೆ ಮಾಡಿಕೊಡುತ್ತೇವೆ. ಅದಕ್ಕೆ ಅಂಚು ನಲವತ್ತೆಂಟು ಮೈಕ್ರಾನ್ ಇರಬೇಕು, ಪೊರೆ ನಮ್ಮ ತಂದೆಯವರ ಸ್ವರದಲ್ಲೇ ಇರಬೇಕು. ಒಂದು ವರ್ಷದ ಹಿಂದೆ ನೀವು ಒಂದು ಮಾತು ಹೇಳಿದ್ದರೆ ಇಷ್ಟೇ ಕೆಲಸವಿತ್ತು. ನೀವು ಹೇಳಲಿಲ್ಲ. ಬದಲಿಗೆ ನನ್ನ ಹತ್ತಿರ ನನ್ನ ತಮ್ಮನನ್ನೂ ಅವನ ಹತ್ತಿರ ನನ್ನನ್ನೂ ದೂರಿದಿರಿ. ನಾವು ಕೇಳಿಸಿಕೊಂಡೆವು, ಜೊತೆಗೆ ನಮ್ಮದೂ ನಾಲ್ಕು ಮಾತು ಸೇರಿಸಿದೆವು. ಆ ನಾಚಿಕೆ ನಮ್ಮದು, ಅದರಲ್ಲಿ ನಿಮಗೆ ಪಾಲಿಲ್ಲ.

ಒಬ್ಬರು ಸಾಕು ಎಂದಿದ್ದೀರಿ. ನಮ್ಮಲ್ಲಿ ಒಬ್ಬರು ಅಂತ ಇಲ್ಲ. ಇಬ್ಬರೂ ಬೇಕಿದ್ದರೆ ಬರೆಯಿರಿ, ಬೇಡವಾಗಿದ್ದರೆ ಬರೆಯಬೇಡಿ.

ಬರೆಯುವುದಾದರೆ ಇನ್ನು ಮುಂದೆ ಒಂದು ಕ್ರಮ. ಬಿಲ್ಲೆಯ ಬಗ್ಗೆ ದೂರಿದ್ದರೆ ನನಗೆ ಬರೆಯಿರಿ. ಪೊರೆಯ ಬಗ್ಗೆ ದೂರಿದ್ದರೆ ನನ್ನ ತಮ್ಮನಿಗೆ ಬರೆಯಿರಿ. ಉತ್ತರ ಅಲ್ಲಿಂದ ಬರುತ್ತದೆ.’

ಹೇಗಿದೆ? ಭಾವ ಸ್ವಲ್ಪ ಖಾರ ಜಾಸ್ತಿಯಾಯಿತು ಅಂದರು. ಮೊದಲು ಬರೆದದ್ದನ್ನು ಅವರಿಗೆ ತೋರಿಸಿಲ್ಲ.

ಅವನು ಒಪ್ಪದೇ ಇರಬಹುದು. ಹಾಗಾದರೆ ಕಷ್ಟ. ನನಗೆ ಹೆದರಿಕೆ ಇಲ್ಲ ಅಂತ ಬರೆದರೆ ಸುಳ್ಳಾಗುತ್ತದೆ. ಆದರೆ ಅವನ ಕಪಾಟಿನಲ್ಲಿ ನಿನ್ನ ಬಿಲ್ಲೆಯ ಮೇಲೆ ಬೇರೆಯವರ ಪೊರೆ ಕೂತಿರುವುದನ್ನು ನೆನೆಸಿಕೊಂಡರೆ ಹೆದರಿಕೆಗಿಂತ ಸಿಟ್ಟೇ ಮುಂದೆ ಬರುತ್ತದೆ.

ಅಕ್ಕ


ಜುಲೈ ೨೦

ಅಕ್ಕಾ,

ಬೆಣ್ಣೆ ಒಪ್ಪಿ ಆರ್ಡರ್ ಕಳಿಸಿದ ಅಂತ ಬೀಗುತ್ತಿದ್ದೆಯಲ್ಲ, ಈಗ ಕೇಳು. ಹೊಸ ಕ್ಯಾಪ್ಸೂಲುಗಳು ಅಂಟುತ್ತಿಲ್ಲ, ಧ್ವನಿ ತುಂಬಿ ಬರುತ್ತಿದೆ, ಅದನ್ನು ಅವನೇ ಹಲ್ಲು ಕಚ್ಚಿಕೊಂಡು ಬರೆದಿದ್ದಾನೆ. ಆದರೆ ಸುಮ್ಮನಿರುತ್ತಾನಾ? ಕೆಳಗೆ ಇನ್ನೊಂದು ಸಾಲು ಸೇರಿಸಿದ್ದಾನೆ, ಒಂದು ಕ್ಯಾಪ್ಸೂಲಿನ ಪೊರೆಯಲ್ಲಿ ಸುಕ್ಕು ಇದ್ದ ಹಾಗೆ ಕಾಣುತ್ತದೆ, ಬದಲಾಯಿಸಿಕೊಡಿ ಅಂತ. ನೀನು ಹೇಳಿದ ಕ್ರಮದ ಪ್ರಕಾರ ದೂರು ನನಗೆ ಬಂದಿದೆ, ಕ್ಯಾಪ್ಸೂಲು ನಿನಗೆ ಬರುತ್ತಿದೆ.

ಓದಿದ ತಕ್ಷಣ ರಕ್ತ ನೆತ್ತಿಗೇರಿತು. ನಿಂತ ನಿಲುವಿನಲ್ಲೇ ಉತ್ತರ ಬರೆದೆ. ನಮ್ಮಕ್ಕನ ಪೊರೆಯಲ್ಲಿ ಸುಕ್ಕು ಕಾಣುವವರು ಮೊದಲು ತಮ್ಮ ಕನ್ನಡಕ ಒರೆಸಿಕೊಳ್ಳಲಿ ಅಂತ ಶುರು ಮಾಡಿದೆ. ಆಕೆ ಪೊರೆ ಎಳೆಯುವುದನ್ನು ಕಲಿತಾಗ ನೀವು ಮೈಕಿನ ಯಾವ ಕಡೆ ಮಾತಾಡಬೇಕು ಅಂತಲೂ ತಿಳಿಯದವರು ಅಂತ ಬರೆದೆ. ಆ ಕೋಣೆಯಲ್ಲಿ ಆಕೆ ಉಸಿರು ಬಿಡುವುದಕ್ಕೂ ಯೋಚಿಸುತ್ತಾಳೆ, ನಿಮ್ಮ ಹಾಗೆ ಬಾಯಿಗೆ ಬಂದದ್ದನ್ನು ಆಡುವುದಿಲ್ಲ ಅಂತಲೂ ಬರೆದೆ. ಎರಡು ಪುಟ ಆಯಿತು. ಇವಳು ಓದಿ, ಇಷ್ಟು ಚೆನ್ನಾಗಿ ನನ್ನ ಬಗ್ಗೆ ಯಾವತ್ತಾದರೂ ಬರೆದಿದ್ದೀರಾ ಅಂತ ಮುಖ ಊದಿಸಿಕೊಂಡಿದ್ದಾಳೆ.

ಅಂಚೆಗೆ ಹಾಕಿ ಬಂದೆ. ಬಂದ ಮೇಲೆ ಒಂದು ಅನುಮಾನ ಶುರುವಾಗಿದೆ.

ಅಕ್ಕಾ, ಇದು ನಮ್ಮಿಬ್ಬರಲ್ಲೇ ಇರಲಿ. ನಿಜ ಹೇಳು. ಸುಕ್ಕು ಇತ್ತಾ?

ತಮ್ಮ


ಜುಲೈ ೨೮

ತಮ್ಮಾ,

ಇತ್ತು. ಹೊಸ ಪೊರೆ ಎಳೆದಾಯಿತು, ನಾಳೆ ಕಳಿಸುತ್ತೇನೆ. ಅವನಿಗೆ ಬರೆದದ್ದರಲ್ಲಿ ಒಂದಕ್ಷರವನ್ನೂ ವಾಪಸ್ ತೆಗೆದುಕೊಳ್ಳಬೇಡ.

ಅಕ್ಕ